ಪಾಚಿ ತಿನ್ನೂ ನಾಕನೇ ಮೀನು

ಖಾನಾಪುರ ಸ್ಟ್ಯಾಂಡಿನಾಗ ಬೆಳಗಾವಿ ಬಸ್ಸಿಗೆ ಪಾಳಿ ಹಚ್ಚಿದ್ದೆ. ಮುಂದ ಖಾಸಬಾಗದಾಗ ಬಣ್ಣದ ಮೀನು ಮಾರೂ ಬಾಳಕೃಷ್ಣ, ಅವನ ಬಾಜು ಹಣಿತುಂಬ ಇಬತ್ತಿ ಬಡಕೊಂಡ ಬಸಲಿಂಗಪ್ಪ ಮಾಸ್ತರ್ರು. ನಾ ಸಿನಿಮಾದ ಸಿಐಡಿ ಹಂಗ ಪೇಪರ್ ಅಡ್ಡ ಹಿಡದು ಕಿವಿ ಕೊಟ್ಟೆ.

“ಬಾಳಕೃಷ್ಣ, ಗಾಜಿನ ತೊಟ್ಟಿ ಪಾಚಿ ತಿನ್ನೂ ಮೀನು ಇನ್ನೊಂದು ಕೊಡಪಾ.”

“ಮೂರು ಕೊಟ್ಟೀನಲ್ರಿ ಮಾಸ್ತರ?”

“ಅಳಿಯಾ ಮುಂಬೈಲಿಂದ ತಂದ ದೊಡ್ಡ ಮೀನು ಮೂರೂ ನುಂಗಿತು. ಅದರ ಬಾಯಾಗ ಹಿಡೀಲಾರದ್ದು ಕೊಡು.”

“ದೊಡ್ಡದಕ್ಕ ತಿನ್ನಾಕ ಏನ್ ಹಾಕ್ತೀರಿ?”

“ರೊಟ್ಟಿ ಚೂರು. ಲಿಂಗ ಕಟ್ಟಿದ ಮನಿಯಾಗ ಮತ್ತೇನ್ ಹಾಕೂಣು?”

“ಅಯ್ಯ, ಅದು ಬ್ಯಾಟಿ ಆಡೂ ಮೀನ್ರೀ! ಹಸದು ಬಾಜೂದ್ದನ್ನ ನುಂಗಾಕತ್ತೈತಿ. ಎರಿಹುಳ ಹಾಕ್ರಿ, ಇಲ್ಲಾಂದ್ರ ನಾಕನೇದ್ದೂ ಉಳಿಯೂದಿಲ್ಲ. ಗಾಜು ಹಸರಾದ್ರ ಆಗವಲ್ದ್ಯಾಕ, ಬಿಡ್ರಿ.”

“ಲಕ್ವಾ ಹೊಡದಾಗಿಂದ ನಮ್ಮ ಮನಿಯಾಕಿ ಕಾಶವ್ವ ಆ ತೊಟ್ಟಿ ಮುಂದನ ಮಲಗಿರತಾಳ. ಆಕಿಗೆ ನೋಡಾಕ ಅದೊಂದ ಐತಿ.”

“ಹಂಗಾರ ನುಂಗೂದೂ ನೋಡ್ಯಾರೇನ್ರಿ?”

“ಮೂರೂ ಸಲ. ಆಕಿಗೆ ಮಾರಿ ತಿರಗಸಾಕ ಬರೂದಿಲ್ಲಪಾ.”

ಬಸ್ಸು ಬಂತು. ಮಾಸ್ತರ್ರು ಮೆಟ್ಟಲದ ಮ್ಯಾಲ ಕಾಲಿಟ್ಟು, ಅಂಗಿ ಮ್ಯಾಲಿಂದನ ಲಿಂಗ ಮುಟ್ಟಿಕೊಂಡು ಸಣ್ಣ ದನಿಲೆ ಅಂದ್ರು:

“ಎರಿಹುಳ ಕಾಗದದಾಗ ಸುತ್ತಿ ಕೊಡು. ಓಣ್ಯಾಗ ಯಾರಿಗೂ ಕಾಣಬಾರದು.”

ಇಬ್ಬರೂ ಮುಂದಿನ ಸೀಟಿಗೆ ಹೋದ್ರು.