ಬೀಳಲೊಂದು ಹಳ್ಳಿ

ಬರ್ ದುಬೈಯ ದೇವಸ್ಥಾನದಲ್ಲಿ ತೀರಿಹೋದ ಮಡದಿಯ ಹೆಸರು ಹೇಳಿ ಕೈಮುಗಿದು ಬಂದ ಪೂವಪ್ಪನವರು ಅಬ್ರಾ ದೋಣಿಗೆ ಕಾದಿದ್ದರು. ಮುಂದೆ ನಿಂತಿದ್ದ ಗಂಡಹೆಂಡಿರು ರಜೆಯಲ್ಲಿ ಸ್ಕೀ ಮಾಡಲು ಊರು ಆರಿಸುತ್ತಿದ್ದರು.

“ದೊಡ್ಡ ರೆಸಾರ್ಟ್ ಬೇಡ ಮಾರಾಯ್ರೆ. ಮರದ ಮನೆ, ಹಳೇ ಚರ್ಚು, ನಾಲ್ಕು ದನ ಇರುವ ಗುಡ್ಡದ ಹಳ್ಳಿ ಸಾಕು,” ಎಂದಳು ಹೆಂಡತಿ.

“ಅಲ್ಲಿ ಎಂತ ಮಜಾ ಉಂಟು?”

“ಬಿದ್ದರೆ ನೋಡುವವರಿಲ್ಲ. ಇಲ್ಲಿನ ಶಾಪಿಂಗ್ ಮಾಲಿನ ಕೃತಕ ಹಿಮದಲ್ಲಿ ನಾನು ಬಿದ್ದ ವಿಡಿಯೋ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದ್ರಲ್ಲ ನೀವು!”

“ಚಂದ ಬಿದ್ದಿದ್ದೆ ಮಾರಾಯ್ತಿ. ಬೀಳುವುದಕ್ಕೆ ಎಂತ ನಾಚಿಕೆ?”

ದೋಣಿ ಬಂತು. ಗಂಡ ಗತ್ತಿನಿಂದ ಕಾಲಿಟ್ಟ. ದೋಣಿ ಅಲುಗಿತು, ಅವನು ಧೊಪ್ಪನೆ ಕುಳಿತುಬಿಟ್ಟ. ಅವಳು ಮೊಬೈಲ್ ತೆಗೆದಳು.

“ಬೇಡ ಮಾರಾಯ್ತಿ! ಹಳ್ಳಿಗೇ ಹೋಗುವ, ಖಲಾಸ್!”

ದೋಣಿ ತುಂಬಿ ಹೊರಟುಹೋಯಿತು. ದಡದಲ್ಲಿ ಉಳಿದ ಪೂವಪ್ಪನವರಿಗೆ ಬಹಳ ದಿನಗಳ ಮೇಲೆ ನಗು ಉಕ್ಕಿತು. “ಕೇಳಿದೆಯಾ?” ಎನ್ನಲು ಅಭ್ಯಾಸದಂತೆ ಪಕ್ಕಕ್ಕೆ ತಿರುಗಿದರು.