ಶುಕ್ರವಾರದ ಎಣ್ಣೆನೀರು

...ಬೇಡ, ಆ ಚೀಲದ ಜಿಪ್ ಎಳೆಯಬೇಡ. ಮೊದಲು ಕುಳಿತುಕೋ. ಭವ್ಯಶ್ರೀ, ಅಜ್ಜಿ ಮಾತನಾಡುವಾಗ ಮುಖ ನೋಡಬೇಕು. ಮುರುಡೇಶ್ವರದ ಬಸ್ಸು ಎಲ್ಲಿಗೂ ಓಡಿಹೋಗುವುದಿಲ್ಲ. ಮತ್ತೆ ಸೀನಿದೆ! ಮೂಗು ಕಟ್ಟಿದೆ, ಕಣ್ಣು ಕೆಂಪಗಾಗಿದೆ... ಇಂಥ ನೆಗಡಿಯಲ್ಲಿ ಸಮುದ್ರದ ತಳಕ್ಕೆ ಇಳಿಯುವವರುಂಟೇ?

ನಗುವುದೇಕೆ? ಅಜ್ಜಿಗೆ ಶಾರ್ಕ್ ಭಯ ಎಂದೇ? ಹೌದು, ಭಯವೇ. ಹೊಳೆನರಸೀಪುರದಲ್ಲಿ ಹೇಮಾವತಿ ತುಂಬಿ ಬಂದರೆ ಮೇಲಿನ ಮೆಟ್ಟಿಲಿನಿಂದಲೇ ಕೈಮುಗಿದು ಬರುವವಳು ನಾನು. ಅಷ್ಟು ವರ್ಷ ಹೆಡ್‌ಮಿಸ್ ಆಗಿದ್ದೆ, ಸರಿ. ನೀರಿಗೆ ಬೆತ್ತ ತೋರಿಸಲಾದೀತೇ?

ಗೊತ್ತು, ಗೊತ್ತು! ಶಾರ್ಕ್ ಪಾಪದ ಪ್ರಾಣಿ. ಹಾಸನದ ಮೀನಿನಂಗಡಿಯಲ್ಲಿ ಮೊಳದುದ್ದದ ಶಾರ್ಕ್ ಮರಿಗಳ ರಾಶಿ ಕಂಡು ನೀನು ಅತ್ತದ್ದು ಮರೆತಿಲ್ಲ. ಸಾರಿಗೆಂದು ಕರೆದೊಯ್ದವಳು ನಾನೇ ತಾನೇ? ಬರಿಗೈಯಲ್ಲಿ ಬಂದು ಹುರುಳಿಸಾರು ಮಾಡಿದೆ. ಆವತ್ತು ಶುರುವಾಯಿತು ನಿನ್ನ ಈ ಹುಚ್ಚು. ನೇತ್ರಾಣಿ ದ್ವೀಪದ ಬಂಡೆಗಳಿಗೆ ಹರಿದ ಬಲೆಗಳು ಸುತ್ತಿಕೊಂಡಿವೆ, ಮರಿಗಳು ಸಿಕ್ಕಿ ಸಾಯುತ್ತಿವೆ, ಬಿಡಿಸಬೇಕು... ಒಳ್ಳೆಯ ಕೆಲಸ. ಆರೋಗ್ಯವಾಗಿರುವವರು ಮಾಡಲಿ! ನಿಮ್ಮ ಡೈವಿಂಗ್ ತಂಡದ ಮುಖ್ಯಸ್ಥ ಇದ್ದಾನಲ್ಲ, ಸುದರ್ಶನ್, ಅವನಿಗೆ ಫೋನ್ ಮಾಡು. ನೆಗಡಿ, ಬರುವುದಿಲ್ಲ. ಎರಡೇ ಮಾತು. ಮುಗಿಯಿತು.

ಏನದು ಬಾಯಿಗೆ ಹಾಕಿಕೊಂಡದ್ದು? ಮಾತ್ರೆಯೇ? ಮೂಗು ಬಿಡಿಸುವುದೇ?... ಅವನಿಗೆ ಗೊತ್ತಾಗಬಾರದೆಂದೇ? ಉಗುಳು. ಉಗುಳು ಅಂದೆ!

ಅಯ್ಯೋ, ನುಂಗಿಬಿಟ್ಟೆಯಾ...

ಆಳದಲ್ಲಿರುವಾಗಲೇ ಅದರ ಶಕ್ತಿ ಇಳಿದರೆ? ಮೇಲೆ ಬರುವಾಗ ಕಿವಿಯೊಳಗಿನ ಗಾಳಿಗೆ ದಾರಿಯಿಲ್ಲದೆ ತಮಟೆ ಹರಿಯುತ್ತದೆ. ತಲೆ ಸುತ್ತುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲ. ಅಲ್ಲೇ, ಆ ಕತ್ತಲಲ್ಲೇ... ಬೇಡ ಕಣಮ್ಮ. ಬೇಡ.

ನನಗೆ ಹೇಗೆ ಗೊತ್ತೆಂದೇ? ನೀನೇ ಹೇಳಿದೆಯಲ್ಲ, ಗುರುವಾರ, ಅವರೆಕಾಯಿ ಸುಲಿಯುತ್ತಾ. ನೆಗಡಿಯಾದವರನ್ನು ಸುದರ್ಶನ್ ದೋಣಿಗೇ ಹತ್ತಿಸುವುದಿಲ್ಲ ಎಂದೂ ನೀನೇ...

ಹೌದು. ಮಾರನೆಯ ದಿನ ಎಣ್ಣೆನೀರು ಹಾಕಿದೆ. ಅದಕ್ಕೇನೀಗ? ಶುಕ್ರವಾರ ಹೆಣ್ಣುಮಕ್ಕಳಿಗೆ ಎಣ್ಣೆನೀರು, ಇದು ಈ ಮನೆಯ ಪದ್ಧತಿ. ನೆತ್ತಿಗೆ ಹರಳೆಣ್ಣೆ ತಟ್ಟಿಯಾದ ಮೇಲೆ ಗೀಸರ್ ಕೆಟ್ಟರೆ ನಾನೇನು ಮಾಡಲಿ? ತಣ್ಣೀರನ್ನೇ ಎರೆದೆ. ಸಾಂಬ್ರಾಣಿ ಹೊಗೆ ಹಾಕಲು ಕೆಂಡವಿರಲಿಲ್ಲ. ಒದ್ದೆ ಕೂದಲನ್ನೇ ಹೆಣೆದೆ. ಹೌದು, ಜಗಲಿಯ ಮೇಲೆ. ಹೌದು, ಆ ಚಳಿಗಾಳಿಯಲ್ಲಿ. ಹೊತ್ತಾಗಿತ್ತು, ಅದಕ್ಕೆ...

ಏಕೆ ಎದ್ದೆ?

ಜಗಳವಾಡು ಬೇಕಾದರೆ! ಭವ್ಯ... ಎಲ್ಲಿಗೆ ಹೋಗುತ್ತಿದ್ದೀಯ? ಬಚ್ಚಲಿಗೇಕೆ? ಆ ಗೀಸರ್ ಸ್ವಿಚ್ಚು ಮುಟ್ಟಬೇಡ, ಅದು ಕೆಟ್ಟಿದೆ ಎಂದೆನಲ್ಲ, ಶಾಕ್ ಹೊಡೆದೀತು, ಭವ್ಯಾ...

...ಕೆಂಪು ದೀಪ ಹೊತ್ತಿತೇ.

ಹಾಗೆ ನೋಡಬೇಡಮ್ಮ. ಚೀಲ ಕೆಳಗಿಡು. ಫೋನು ಇತ್ತ ಕೊಡು, ಸುದರ್ಶನ್‌ಗೆ ನಾನೇ ಹೇಳುತ್ತೇನೆ.

...ಏನೆಂದು ಹೇಳಲಿ, ಭವ್ಯ?