ಅಮ್ಮನ ಮೊಣಕಾಲಿಗೆ ಆಗದ ಕಾರು

...ಹಾಗೆ ನೋಡ್ಬೇಡ ಅಮ್ಮ. ಬಾಡಿಗೆ ಕಾರಲ್ಲ ಇದು, ಲೀಸ್. ಎಷ್ಟು ಸಲ ಹೇಳುದು ನಿಂಗೆ? ಬಾಡಿಗೆ ಅಂದ್ರೆ ಮದುವೆಗೆ ಹೂ ಕಟ್ಟಿ ಒಂದು ದಿನಕ್ಕೆ ತರ್ತಾರಲ್ಲ, ಅದು. ಇದು ನಾಲ್ಕು ವರ್ಷ ನಮ್ಮ ಅಂಗಳದಲ್ಲೇ ಇರ್ತದೆ. ಇನ್ಶೂರೆನ್ಸು, ಸರ್ವೀಸು, ಟಯರು ಎಲ್ಲ ಕಂಪೆನಿಯವರ ತಲೆನೋವು. ಆಮೇಲೆ ಕೀ ಅವರ ಕೈಯಲ್ಲಿಟ್ಟು ಹೊಸತು ತರುದು. ...ಎಂತ, ನಗಾಡಿದ್ದಾ? ಇಲ್ವಾ? ಕನ್ನಡಿಯಲ್ಲಿ ನಗಾಡಿದ ಹಾಗೆ ಕಂಡಿತು.

ಸರಿ, ಟಾನ್ಯಾ ಬರುದರೊಳಗೆ ನಾವೊಂದು ತೀರ್ಮಾನ ಮಾಡುವ. ಗುರುವಾರ ಅಲ್ವಾ, ಬಿಕರ್ನಕಟ್ಟೆ ಚರ್ಚಲ್ಲಿ ಬಾಲಯೇಸುವಿಗೆ ಕ್ಯಾಂಡಲ್ ಹಚ್ಚದೆ ಮುಂದೆ ಹೋಗುದಿಲ್ಲಂತೆ ಅವಳು. ಎರಡು ನಿಮಿಷ ಸರ್ ಅಂದಳು. ಈ ರಶ್ಶಲ್ಲಿ ಹತ್ತು ನಿಮಿಷ ಆದೀತು. ಒಳ್ಳೆದೇ ಆಯ್ತು. ಟೆಸ್ಟ್ ಡ್ರೈವ್ ಅಂತ ಶೋರೂಮಿನ ಹುಡುಗಿ ಪಕ್ಕದಲ್ಲಿ ಕೂತಿದ್ರೆ ನಿನ್ನ ಹತ್ರ ಸರಿಯಾಗಿ ಮಾತಾಡ್ಲಿಕ್ಕೂ ಆಗುದಿಲ್ಲ.

ಎಸಿ ಜಾಸ್ತಿ ಆಯ್ತಾ? ಕಡಿಮೆ ಮಾಡ್ಬೇಕಾ? ಏನಾದ್ರೂ ಹೇಳು.

ಒರಗಿ ಕೂತ್ಕೊ ಅಮ್ಮ. ಪಂಪ್‌ವೆಲ್ಲಿನ ಶೋರೂಮಿಂದ ಇಲ್ಲಿವರೆಗೂ ಸೀಟಿನ ತುದಿಯಲ್ಲೇ ಕೂತಿದ್ದಿ, ಬಸ್ಸಲ್ಲಿ ಮುಂದಿನ ಸ್ಟಾಪಿಗೆ ಇಳಿಲಿಕ್ಕೆ ಉಂಟು ಅನ್ನುವ ಹಾಗೆ. ಆ ಚೀಲ ಕೆಳಗಿಡು. ಐಸು ಕರಗಿ ಸೀರೆಗೆಲ್ಲ ನೀರು ಇಳಿತಾ ಉಂಟು. ...ಬೇಡವಾ? ಸರಿ, ಮಡಿಲಲ್ಲೇ ಇಟ್ಕೊ. ಮತ್ತೆ ಆ ಚಪ್ಪಲಿ. ಕಾರು ಹತ್ತುವಾಗ ಯಾರಾದ್ರೂ ಚಪ್ಪಲಿ ಬಿಡ್ತಾರಾ ಮಾರಾಯ್ತಿ? ನಾನು ನಿನ್ನ ಬರಿಗಾಲು ನೋಡಿದ್ದು ಫ್ಲೈಓವರ್ ದಾಟಿದ ಮೇಲೆ. ಶೋರೂಮಿನ ಆ ಹೊಳೆಯುವ ಟೈಲ್ಸಿನ ಮೇಲೆ ನಿನ್ನ ಹವಾಯಿ ಚಪ್ಪಲಿ ಎರಡೂ ಈಗ ಒಟ್ಟಿಗೆ ಕೂತಿರಬಹುದು. ಇರ್ಲಿ, ವಾಪಸ್ ಅಲ್ಲಿಗೇ ಹೋಗುದಲ್ವಾ.

ಈಗ ವಿಷಯಕ್ಕೆ ಬರ್ತೇನೆ. ಇದೇ ಕಾರಿನಲ್ಲಿ ಎರಡು ಬಗೆ ಉಂಟು. ಈ ಚಿತ್ರ ನೋಡು. ಕನ್ನಡಕ ತಂದಿದ್ದಿಯಾ? ...ಇದು ಒಂದು. ಉದ್ದದ್ದು. ಹಿಂದೆ ಕೂತವರಿಗೆ ಅಂತಲೇ ಮಾಡಿದ್ದು. ಸೀಟು ಒರಗಿಸಿದ್ರೆ ಅರ್ಧ ಮಲಗಬಹುದು. ಕಿಟಕಿಗೆ ಪರದೆ, ಸ್ವಿಚ್ಚು ಒತ್ತಿದ್ರೆ ಸೀಟೇ ಬೆನ್ನು ತಿಕ್ಕುದು. ಹೌದು, ಸೀಟೇ. ನಂಬುದಿಲ್ವಾ? ಹತ್ತುವವರಿಗೆ ಕಷ್ಟ ಆಗ್ಬಾರ್ದು ಅಂತ ಕಾರು ಒಂದು ಗೇಣು ಮೇಲೆ ಏಳ್ತದೆ, ಹತ್ತಿ ಆದ ಮೇಲೆ ಇಳಿತದೆ. ಆನೆಯ ಲೆಕ್ಕದಲ್ಲಿ, ಆದ್ರೆ ಉಲ್ಟಾ.

ಇನ್ನೊಂದು ನಾವೀಗ ಕೂತದ್ದು. ಸ್ಪೋರ್ಟ್. ನೆಲಕ್ಕೆ ಹತ್ರ, ಕಪ್ಪು ಸೀಟು. ಓಡಿಸುವವನಿಗೆ ಖುಷಿ, ಹಿಂದೆ ಕೂತವರಿಗೆ... ಹೇಗಾಗ್ತದೆ ಅಮ್ಮ ನಿಂಗೆ? ಕಾಲು ಮಡಚಿ ಕೂತು ನೋಯ್ತಾ ಉಂಟಲ್ವಾ?

ಇಲ್ವಾ? ಪಂಪ್‌ವೆಲ್ಲಲ್ಲಿ ಹತ್ತುವಾಗ ನೋವಾಗಿರಬೇಕು. ಬಾಗಿಲು ಹಿಡ್ಕೊಂಡಿದ್ದಿ.

ದೇವರಾಣೆ, ನಾನು ಮೊದಲು ಅಂದ್ಕೊಂಡದ್ದು ಆ ಉದ್ದದ್ದನ್ನೇ. ಅಮ್ಮನಿಗೆ ಅಂತ. ಮೀನು ಎಕ್ಸ್‌ಪೋರ್ಟ್ ಸುರು ಮಾಡಿದ ದಿನವೇ ಅಂದ್ಕೊಂಡದ್ದು, ಈ ಅಕ್ಷಿತ್ ಒಂದು ದಿನ ಅಮ್ಮನನ್ನು ದೊಡ್ಡ ಕಾರಲ್ಲಿ ಕೂರಿಸ್ತಾನೆ ಅಂತ. ಆದ್ರೆ ಅದಕ್ಕೆ ಬಿಳಿ ಸೀಟು ಮಾತ್ರ ಬರುದಂತೆ. ವಾಪಸ್ ಕೊಡುವಾಗ ಅವರು ಇಂಚಿಂಚು ನೋಡ್ತಾರೆ. ಗೀರು, ಕಲೆ, ವಾಸನೆ... ಸಿಗರೇಟಿನ ವಾಸನೆ ಅಮ್ಮ. ನಾನು ಹೇಳಿದ್ದು ಸಿಗರೇಟಿನದ್ದು. ನೀನು ಎಂತಕ್ಕೆ ಚೀಲದ ಬಾಯಿ ಗಂಟು ಹಾಕ್ತಿ? ಮೀನಿಗೆ ಯಾರು ಎಂತ ಹೇಳಿದ್ರು ಈಗ? ನಮಗೆ ಅನ್ನ ಕೊಟ್ಟದ್ದೇ ಮೀನು.

ಹಾಗಾಗಿ ಸ್ಪೋರ್ಟ್ ಸಾಕು ಅಂತ. ಭಾನುವಾರಕ್ಕೆ ಸಿಗ್ತದಂತೆ, ಇವತ್ತು ಸೈನ್ ಹಾಕಿದ್ರೆ. ಉದ್ದದ್ದಕ್ಕೆ ಎರಡು ತಿಂಗಳು ಕಾಯ್ಬೇಕು. ಭಾನುವಾರ ಶಕ್ತಿನಗರಕ್ಕೆ ಹೋಗ್ಬೇಕಲ್ವಾ ನಾವು, ಚೈತಾಲಿಯ ಮನೆಗೆ, ಮದುವೆ ಮಾತಿಗೆ. ಅವಳ ಅಪ್ಪ ಚಿತ್ತರಂಜನ ಶೆಟ್ರು ಹೇಗಿನ ಜನ ಅಂತ ಗೊತ್ತುಂಟು ನಿಂಗೆ. ಎರಡು ಹೋಟೆಲು, ಊರಲ್ಲಿ ದೊಡ್ಡ ಗುತ್ತಿನ ಮನೆ. ಮೊಗವೀರರ ಹುಡುಗನನ್ನು ಮನೆಗೆ ಕರೆದದ್ದೇ ದೊಡ್ಡದು. ಗೇಟಿನ ಹತ್ರ ಕಾರು ನಿಂತಾಗ ಅವರು ಮೊದಲು ನೋಡುದು ಕಾರನ್ನು, ಆಮೇಲೆ ನನ್ನನ್ನು. ನಗಾಡ್ಬೇಡ, ಅದೇ ಸತ್ಯ.

ಈಗ ನೀನು ಹೇಳು. ಈ ತಗ್ಗಿನ ಕಾರಲ್ಲಿ ಅಷ್ಟು ದೂರ ನಿನ್ನಿಂದ ಆಗ್ತದಾ? ಅವರ ಮನೆಯ ಚಡಾವು ಬೇರೆ, ರಸ್ತೆ ತುಂಬ ಹಂಪು. ಆಗುದಿಲ್ಲ ಅಂತಾದ್ರೆ ಆಗುದಿಲ್ಲ ಅನ್ನು. ಯಾರೂ ತಪ್ಪು ತಿಳ್ಕೊಳ್ಳುದಿಲ್ಲ. ಪೂವಪ್ಪ ಮಾವ ಬರ್ತಾರೆ, ನಿನ್ನ ತಮ್ಮನೇ ಅಲ್ವಾ. ಅಮ್ಮನಿಗೆ ಮೊಣಕಾಲು ನೋವು, ಕಾರು ಹತ್ತಲಿಕ್ಕೆ ಆಗುದಿಲ್ಲ ಅಂತ ನಾನು ಹೇಳ್ತೇನೆ. ಸುಳ್ಳಲ್ಲವಲ್ಲ. ಮೊನ್ನೆ ನೀನೇ ಎಣ್ಣೆ ತಿಕ್ಕುತ್ತಾ ಇದ್ದಿ. ಮದುವೆಯ ದಿನ ಬಂದ್ರೆ ಸಾಕು ನೀನು.

...ಎಂತ ಅಮ್ಮ? ಹೂಂ ಅಂತಾದ್ರೂ ಹೇಳು. ಉಹೂಂ ಅಂತಾದ್ರೂ ಹೇಳು.

ಹೊರಗೆ ಎಂತ ನೋಡ್ತಿ? ಓ, ಆ ಓಣಿಯಾ. ನಿನ್ನ ಹತ್ರ ಮೀನು ತಕೊಳ್ತಿದ್ದ ಮಗ್ದಲೀನ್ ಬಾಯಿಯ ಮನೆ ಅದೇ ಓಣಿಯಲ್ಲಿ ಅಲ್ವಾ? ನಂಗೂ ನೆನಪುಂಟು. ದೊಡ್ಡ ರಜೆಯಲ್ಲಿ ನಿನ್ನೊಟ್ಟಿಗೆ ಬರ್ತಿದ್ದೆನಲ್ಲ. ಬೆಳಿಗ್ಗೆ ಮೀನಿನ ದೋಣಿ ಬರುವ ದಕ್ಕೆಗೆ, ಅಲ್ಲಿಂದ ಅಪ್ಪನ ಐಸಿನ ಟೆಂಪೊದಲ್ಲಿ ಕಂಕನಾಡಿವರೆಗೆ, ಆಮೇಲೆ ನಡೆದು. ಟೆಂಪೊದಲ್ಲಿ ಎದುರಿನ ಸೀಟು ನಿಂಗೆ. ಬುಟ್ಟಿಗಳೂ ನಾನೂ ಹಿಂದೆ. ನಾನು ಎದುರು ಕೂರ್ತೇನೆ ಅಂತ ಹಟ ಮಾಡಿದ್ರೆ ಅಪ್ಪ ಬಿಡ್ತಿರಲಿಲ್ಲ. ಅದು ಅಕ್ಕುವಿನ ಜಾಗ, ನೀನು ಹಿಂದೆ ಹೋಗು ಅಂತಿದ್ರು. ಮತ್ತೆ ನೀನು ಆ ಬುಟ್ಟಿ ಹೊತ್ತು ಗೇಟು ಗೇಟಿಗೆ ಹೋಗಿ... ಎಲ್ಲ ಗೇಟಿನಲ್ಲೂ ಮೀನಿಗಿಂತ ಮೊದಲು ನನ್ನ ಸುದ್ದಿ ನಿಂದು. ಇವ ನನ್ನ ಮಗ ಬಾಯಮ್ಮ, ಆರನೇ ಕ್ಲಾಸು, ಲೆಕ್ಕದಲ್ಲಿ ಫಸ್ಟು. ಇವ ನನ್ನ ಮಗ. ಒಂದು ಬೆಳಿಗ್ಗೆಯಲ್ಲಿ ಇಪ್ಪತ್ತು ಸಲ. ನಂಗೆ ನಾಚಿಕೆ ಆಗ್ತಿತ್ತು. ಸಾಕಮ್ಮ ಅಂತಿದ್ದೆ.

...

ಈಗ ನೋಡಿದಿ ನೀನು ನನ್ನನ್ನು. ಈಗ ಸರಿಯಾಗಿ ನೋಡಿದಿ.

ಸರಿ. ಗೊತ್ತುಂಟು ನಂಗೆ. ಶೋರೂಮಿನದ್ದೇ ಅಲ್ವಾ? ಅದಕ್ಕೇ ಅಲ್ವಾ ಅಲ್ಲಿಂದ ಇಲ್ಲಿವರೆಗೆ ಬಾಯಿ ಮುಚ್ಚಿ ಕೂತದ್ದು? ಆದ್ರೆ ನೀನೂ ಸ್ವಲ್ಪ ಯೋಚನೆ ಮಾಡ್ಬೇಕಿತ್ತು ಅಮ್ಮ. ಒಳ್ಳೆ ಕೆಲಸಕ್ಕೆ ನಾವು ಬರಿಗೈಯಲ್ಲಿ ಹೋಗುದಿಲ್ಲ, ಒಪ್ಪಿದೆ. ನನ್ನ ಮೇಷ್ಟ್ರಿಗೆ ಕೊಟ್ಟಿ, ಡಾಕ್ಟ್ರಿಗೆ ಕೊಟ್ಟಿ, ಲೋನು ಆದಾಗ ಬ್ಯಾಂಕಿನ ಮೆನೇಜರಿಗೂ ಕೊಟ್ಟಿ. ಆದ್ರೆ ಅದು ಅಂಥ ಶೋರೂಮು. ಸೆಂಟು ಹೊಡೆದ ಜಾಗ. ಅಲ್ಲಿ ಆ ಹುಡುಗಿಯ ಕೈಗೆ ಐಸಿನ ನೀರು ಸುರಿಯುವ ಅಂಜಲ್ ಮೀನು ಹಿಡಿಸಿ, ತಕೊ ಮಗಾ, ಬೆಳಿಗ್ಗೆ ದಕ್ಕೆಯಿಂದ ತಂದದ್ದು, ನಿನ್ನ ಕೈಯಿಂದ ಒಳ್ಳೆದಾಗ್ಲಿ ಅಂದ್ರೆ... ಅವಳು ಹೆದರಿ ಚೀಲ ವಾಪಸ್ ನಿನ್ನ ಕೈಗೇ ಕೊಟ್ಟಳು. ಎಲ್ಲರೂ ತಿರುಗಿ ನೋಡಿದ್ರು. ಇವರು ಯಾರು ಸರ್ ಅಂತ ಕೇಳಿದಳು. ನನ್ನ ಬಾಯಿಗೆ ಎಂತ ಬಂತು ಅಂತ ನಂಗೇ...

ಮನೆಗೆ ಕೆಲಸಕ್ಕೆ ಬರುವವರು.

ಹೌದು. ಹಾಗೇ ಹೇಳಿದೆ. ನೀನು ಆಚೆ ನೋಡ್ತಾ ಇದ್ದಿ, ಕೇಳಿರ್ಲಿಕ್ಕಿಲ್ಲ ಅಂದ್ಕೊಂಡೆ. ಇಲ್ಲ, ನೀನು ಕೇಳಿದ್ದಿ ಅಂತ ಆಗಲೇ ಗೊತ್ತಾಯ್ತು. ಚಪ್ಪಲಿ ಬಿಟ್ಟದ್ದು ಅದರ ನಂತರ ಅಲ್ವಾ? ನಮ್ಮ ಹಳೆ ಕಾರು ಹತ್ತುವಾಗ ನೀನು ಯಾವತ್ತೂ ಚಪ್ಪಲಿ ಬಿಟ್ಟವಳಲ್ಲ.

ತಪ್ಪಾಯ್ತು ಅಮ್ಮ. ಗಡಿಬಿಡಿಯಲ್ಲಿ ಬಂದ ಮಾತು. ಬಾಯಿತಪ್ಪಿ. ಟಾನ್ಯಾ ಯಾರು ನಮಗೆ? ನಾಳೆ ಮುಖ ಸಹ ನೆನಪಿರುದಿಲ್ಲ. ಬೈಯಿ ನಂಗೆ. ಒಂದು ಪೆಟ್ಟು ಕೊಡು ಬೇಕಾದ್ರೆ. ಹೀಗೆ ಸುಮ್ಮನೆ ಕೂರ್ಬೇಡ. ಹೀಗೆ ನೋಡ್ಬೇಡ ಅಂದೆ.

...ಎಂತ ಕೇಳ್ತಾ ಇದ್ದಿ ನೀನು? ಬಾಯಿಬಿಟ್ಟು ಕೇಳು.

ಅಷ್ಟು ಸಲೀಸಾಗಿ ಹೇಗೆ ಬಂತು ಅಂತವಾ?

...ಮೊದಲ ಸಲ ಅಲ್ಲ ಅಮ್ಮ.

ದೀಪಾವಳಿಯ ಮರುದಿನ. ಶೆಟ್ರು ವಿಡಿಯೋ ಕಾಲ್ ಮಾಡಿದ್ರಲ್ಲ, ನಾನು ಹಿಂದಿನ ಜಗಲಿಯಲ್ಲಿ ಕೂತಿದ್ದೆ. ನೀನು ಮೀನು ಕೊಯ್ಯುವ ಮೆಟ್ಟುಕತ್ತಿ ಹಿಡ್ಕೊಂಡು, ಸೀರೆ ಎತ್ತಿ ಕಟ್ಟಿ, ಹಿಂದಿನಿಂದ ದಾಟಿದಿ. ಫೋನಿಗೆ ಬಗ್ಗಿ ನಕ್ಕಿಯೂ ನಕ್ಕಿ. ಯಾರದು ಅಂತ ಕೇಳಿದ್ರು. ಆಗ ಹೇಳಿದ್ದು. ಇದೇ ಮಾತು. ಚೈತಾಲಿ ಪಕ್ಕದಲ್ಲೇ ಇದ್ದಳು, ಅವಳೂ ನಂಬಿದಳು. ಅವಳಿಗಾದ್ರೂ ಮರುದಿನ ಸರಿ ಹೇಳ್ಬೇಕಿತ್ತು. ಇವತ್ತು ಹೇಳ್ತೇನೆ, ನಾಳೆ ಹೇಳ್ತೇನೆ ಅಂತ ಆರು ತಿಂಗಳು ಆಯ್ತು. ಈಗ ಭಾನುವಾರ ನೀನು ಆ ಮನೆಯ ಮೆಟ್ಟಿಲು ಹತ್ತಿದ್ರೆ... ಅವರಿಗೆ ನಿನ್ನ ಮುಖ ಗೊತ್ತುಂಟು ಅಮ್ಮ. ನೀನು ನಕ್ಕದ್ದು ಗೊತ್ತುಂಟು.

ಹೌದು. ಅದಕ್ಕೇ ಈ ಕಾರು. ಅದಕ್ಕೇ ಮೊಣಕಾಲು. ಇದರಲ್ಲಿ ಕೂತು, ನನ್ನಿಂದ ಆಗುದಿಲ್ಲ ಮಗಾ, ನೀನು ಹೋಗಿ ಬಾ ಅಂತ ನಿನ್ನ ಬಾಯಿಂದಲೇ ಬರ್ಲಿ ಅಂತ ಕರ್ಕೊಂಡು ಬಂದೆ. ಬಿಳಿ ಸೀಟು, ಎರಡು ತಿಂಗಳು ಅದೆಲ್ಲ ಸುಳ್ಳು. ಎರಡೂ ರೆಡಿ ಉಂಟು ಅವರಲ್ಲಿ. ನಿಂಗೆ ಆಗಲೇ ಗೊತ್ತಾಗಿತ್ತು ಅಲ್ವಾ?

ಅಯ್ಯೋ, ಟಾನ್ಯಾ ಬರ್ತಾ ಇದ್ದಾಳೆ. ರಸ್ತೆ ದಾಟ್ಲಿಕ್ಕೆ ನಿಂತಿದ್ದಾಳೆ. ಅಮ್ಮ, ಈಗ ಎಂತ ಮಾಡುದು? ಮನೆಗೆ ಹೋಗಿ ಮಾತಾಡುವ, ಆಯ್ತಾ? ಕಣ್ಣು ಒರೆಸಿಕೊ... ನೀನು ಅಳ್ತಾ ಇಲ್ಲ. ನನ್ನದೇ.

ಎಲ್ಲಿಗೆ? ಬಾಗಿಲು ಯಾಕೆ ತೆಗ್ದಿ? ಇಳಿಬೇಡ ಅಮ್ಮ, ಬಸ್ಸು ಬರ್ತಾ ಉಂಟು. ಬರಿಗಾಲಲ್ಲಿ, ಈ ಕಾದ ಟಾರಿನ ಮೇಲೆ... ಓಣಿಗೆ ಹೋಗ್ಬೇಡ, ಮಗ್ದಲೀನ್ ಬಾಯಿ ಈಗ ಅಲ್ಲಿ ಇಲ್ಲ. ಅಮ್ಮ, ಕೇಳು. ಭಾನುವಾರ ಹೋಗುದೇ ಬೇಡ ನಾವು. ಕಾರೂ ಬೇಡ. ಅಮ್ಮ...

ಇದು... ಎದುರಿನ ಬಾಗಿಲಿಗೆ ಬಂದಿಯಾ? ಅದು ಟಾನ್ಯಾ ಕೂರುವ... ಹಿಡ್ಕೊಳ್ಳಲಾ? ನಿಧಾನ. ತಲೆ ತಾಗ್ತದೆ, ಬಗ್ಗು...

ಕೂತಿಯಲ್ಲ.

ಕೈ ಸಹ ಊರಲಿಲ್ಲ ನೀನು. ಬಾಗಿಲೂ ಹಿಡಿಲಿಲ್ಲ.

ಒರಗಿಯೂ ಆಯ್ತು. ಚೀಲ ಎಲ್ಲಿ? ಓ, ಕಾಲ ಹತ್ರ ಕಾರ್ಪೆಟಿನ ಮೇಲೆ ಇಟ್ಟಿಯಾ. ಇಡು. ಇರ್ಲಿ. ನೀರು ಹೋದ್ರೆ ಹೋಗ್ಲಿ.

ಎದುರಿನ ರಸ್ತೆ ನೋಡ್ತಾ ಇದ್ದಿ, ಅಪ್ಪನ ಟೆಂಪೊದಲ್ಲಿ ನೋಡ್ತಿದ್ದ ಹಾಗೆ. ಸರಿ ಅಮ್ಮ. ಕಿಟಕಿ ಇಳಿಸ್ತೇನೆ.

...ಹಾಂ ಟಾನ್ಯಾ. ಇಲ್ಲ, ನೀವು ಹಿಂದೆ ಕೂತ್ಕೊಳ್ಳಿ. ಎದುರಿನದ್ದು ಅವರ ಜಾಗ. ಆಗ ಶೋರೂಮಲ್ಲಿ ನಾನು ಹೇಳಿದ್ದು ಸುಳ್ಳು ಟಾನ್ಯಾ. ಇವರು ನನ್ನ ಅಮ್ಮ. ಅಕ್ಕು ಅಂತ ಹೆಸರು. ಮೀನು ನಿಮಗೆ ಅಂತಲೇ ತಂದದ್ದು. ಕಾರಾ? ಯಾವುದು ಬೇಕು ಅಂತ ಆಮೇಲೆ ಹೇಳ್ತೇನೆ, ಮೊದಲು ಒಂದು ಫೋನು ಮಾಡ್ಲಿಕ್ಕೆ ಉಂಟು ಶಕ್ತಿನಗರಕ್ಕೆ.